ಆಪರೇಷನ್ ಒಂದು ದಿನದ್ದು, ಆರೈಕೆ ಆಯುಷ್ಯದ್ದು

ಹುಬ್ಬಳ್ಳಿಯ ದೇಶಪಾಂಡೆ ನಗರವೆಂದರೆ ಸಂಗೀತಪ್ರಿಯರಿಗೆ ಸವಾಯಿ ಗಂಧರ್ವ ಸಭಾಂಗಣ, ಆಟಗಾರರಿಗೆ ಜಿಮಖಾನಾ ಮೈದಾನ. ಗದಗ, ಹಾವೇರಿ, ಕೊಪ್ಪಳ, ಶಿರಸಿ ಕಡೆಯಿಂದ ಫೈಲು ಹಿಡಿದು ಬಸ್ಸಿಳಿಯುವವರಿಗೆ ಮಾತ್ರ ಅದು ದವಾಖಾನೆಗಳ ಓಣಿ. ಸಕ್ಕರೆ ಕಾಯಿಲೆ, ಮಂಡಿನೋವು, ಬಿ.ಪಿ. ಎಂದು ಬಂದವರ ಬಾಯಲ್ಲಿ ಈಗ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿದೆ: ‘ತೂಕ ಇಳಿಸೋ ಆಪರೇಷನ್ ಇಲ್ಲೇ ಆಗ್ತೈತೇನ್ರೀ?’

ಹಿಂದೆ ಇದಕ್ಕೆ ಉತ್ತರ ಬೆಂಗಳೂರು, ಪುಣೆ, ಮುಂಬೈ ಎಂದಿರುತ್ತಿತ್ತು. ಸಣ್ಣ ರಂಧ್ರಗಳ ಮೂಲಕ ಮಾಡುವ ಲ್ಯಾಪರೊಸ್ಕೋಪಿ ಶಸ್ತ್ರಚಿಕಿತ್ಸೆ ಹುಬ್ಬಳ್ಳಿ–ಧಾರವಾಡ ಅವಳಿ ನಗರದಲ್ಲಿ ಬೇರೂರಿದ ಮೇಲೆ ಊರಿನ ಹತ್ತಿರವೇ ಈ ಚಿಕಿತ್ಸೆ ಪಡೆಯುವ ದಾರಿ ತೆರೆದಿದೆ. ಬಂದವರು ಮೊದಲು ಕೇಳುವುದು ಎರಡೇ ಮಾತು: ಖರ್ಚೆಷ್ಟು, ಎಷ್ಟು ಕಿಲೊ ಇಳಿಯುತ್ತದೆ? ಎರಡೂ ಬೇಕಾದ ಪ್ರಶ್ನೆಗಳೇ. ಆದರೆ ಇವೆರಡಕ್ಕಿಂತ ಮುಖ್ಯವಾದ ಮೂರನೆಯದೊಂದಿದೆ. ಆಪರೇಷನ್ ಆಗಿ ವರ್ಷದ ಮೇಲೆ ನನಗೇನಾದರೂ ತೊಂದರೆಯಾದರೆ ಈ ಆಸ್ಪತ್ರೆಯಲ್ಲಿ ನನ್ನನ್ನು ವಿಚಾರಿಸುವವರು ಯಾರು?

ಸೋಮಾರಿತನದ ಹಣೆಪಟ್ಟಿ

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಹತ್ತು ಜನರಲ್ಲಿ ಮೂವರ ತೂಕ ಮಿತಿ ಮೀರಿದೆ. ಹೆಣ್ಣು ಗಂಡು ಎಂಬ ಭೇದವೇನೂ ಇಲ್ಲ. ಹೀಗಿದ್ದೂ ದಪ್ಪಗಿರುವವರನ್ನು ಕಂಡಾಗ ನಮ್ಮ ಬಾಯಿಗೆ ಬರುವುದು ಉಪದೇಶ ಮಾತ್ರ: ತಿನ್ನೋದು ಕಡಿಮೆ ಮಾಡು, ಓಡಾಡು. ಅದನ್ನು ಅವರು ನೂರು ಸಲ ಕೇಳಿರುತ್ತಾರೆ, ಹತ್ತಾರು ಸಲ ಮಾಡಿಯೂ ಇರುತ್ತಾರೆ. ಐದಾರು ಕಿಲೊ ಇಳಿಯುತ್ತದೆ, ಆರು ತಿಂಗಳಲ್ಲಿ ಏಳೆಂಟು ಕಿಲೊ ಮರಳಿ ಬರುತ್ತದೆ.

ಇದಕ್ಕೆ ದೇಹದಲ್ಲೇ ಕಾರಣವಿದೆ. ತೂಕ ಇಳಿದಂತೆ ದೇಹ ಅದನ್ನು ಬರಗಾಲವೆಂದು ಭಾವಿಸುತ್ತದೆ. ಹಸಿವು ಹೆಚ್ಚಿಸುತ್ತದೆ, ಶಕ್ತಿಯ ಖರ್ಚು ಕಡಿಮೆ ಮಾಡುತ್ತದೆ. ಹಸಿವೆಬ್ಬಿಸುವ ‘ಗ್ರೆಲಿನ್’ ಎಂಬ ಹಾರ್ಮೋನನ್ನು ಜಪಾನಿನ ವಿಜ್ಞಾನಿಗಳು 1999ರಲ್ಲಿ ಗುರುತಿಸಿದರು. ಅದು ಹೆಚ್ಚಾಗಿ ಉತ್ಪತ್ತಿಯಾಗುವುದು ಜಠರದ ಮೇಲ್ಭಾಗದಲ್ಲಿ. ಬೊಜ್ಜಿನ ಶಸ್ತ್ರಚಿಕಿತ್ಸೆ ಹೊಟ್ಟೆಯನ್ನು ಚಿಕ್ಕದು ಮಾಡುವುದರ ಜೊತೆಗೆ ಈ ಹಾರ್ಮೋನುಗಳ ಆಟವನ್ನೂ ಬದಲಿಸುತ್ತದೆ. ಹಲವರಲ್ಲಿ ತೂಕ ಇಳಿಯುವ ಮೊದಲೇ, ಆಪರೇಷನ್ನಿನ ಮರುವಾರವೇ ಸಕ್ಕರೆ ಪ್ರಮಾಣ ಇಳಿಯಲು ಶುರುವಾಗುವುದಕ್ಕೆ ಇದೂ ಒಂದು ಕಾರಣ.

ಯಾರಿಗೆ ಬೇಕು, ಯಾರಿಗೆ ಬೇಡ

ಈ ಶಸ್ತ್ರಚಿಕಿತ್ಸೆ ಯಾರಿಗೆ ಎಂಬುದಕ್ಕೆ ಮೊದಲ ಅಳತೆಗೋಲು ಬಿಎಂಐ. ತೂಕವನ್ನು ಕಿಲೊದಲ್ಲಿ ತೆಗೆದುಕೊಂಡು, ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಬೇಕು. ಎತ್ತರ 1.6 ಮೀಟರ್, ತೂಕ 96 ಕಿಲೊ ಇದ್ದವರ ಬಿಎಂಐ 37.5. ಭಾರತೀಯರಲ್ಲಿ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಎಂದು ಪರಿಗಣಿಸುತ್ತಾರೆ. ನಮ್ಮ ಜನರಿಗೆ ಹೊಟ್ಟೆಯ ಸುತ್ತ ಕೊಬ್ಬು ಬೇಗ ಸೇರುತ್ತದೆ, ಅದೇ ತೂಕಕ್ಕೆ ಮಧುಮೇಹವೂ ಬೇಗ ಬರುತ್ತದೆ.

1991ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ನಿಯಮದಂತೆ ಬಿಎಂಐ 40, ಅಥವಾ ಜೊತೆಗೆ ಗಂಭೀರ ಕಾಯಿಲೆಯಿದ್ದರೆ 35 ಇದ್ದವರಿಗೆ ಮಾತ್ರ ಈ ಶಸ್ತ್ರಚಿಕಿತ್ಸೆ. 2022ರಲ್ಲಿ ಅಂತರರಾಷ್ಟ್ರೀಯ ತಜ್ಞ ಸಂಘಟನೆಗಳು ಅದನ್ನು ಪರಿಷ್ಕರಿಸಿ, ಏಷ್ಯಾದವರಲ್ಲಿ ಬಿಎಂಐ 27.5 ದಾಟಿದವರಿಗೂ ಇದರ ಅವಕಾಶ ಕೊಡಬೇಕು ಎಂದವು. ‘ಅವಕಾಶ ಕೊಡಬೇಕು’ ಎಂದರೆ ಎಲ್ಲರಿಗೂ ಮಾಡಿಬಿಡಬೇಕೆಂದಲ್ಲ. ಥೈರಾಯ್ಡ್ ಅಥವಾ ಬೇರೆ ಗ್ರಂಥಿಯ ದೋಷದಿಂದ ತೂಕ ಏರಿದೆಯೇ ಎಂದು ಮೊದಲು ನೋಡಬೇಕು. ಎಂಡೋಸ್ಕೋಪಿ, ಹೃದಯ ತಪಾಸಣೆ, ಗೊರಕೆಯಿದ್ದರೆ ನಿದ್ರೆಯ ಪರೀಕ್ಷೆ, ಮನೋತಜ್ಞರ ಜೊತೆ ಮಾತುಕತೆ, ಇಷ್ಟೂ ಮುಗಿಯಬೇಕು. ಮದುವೆ ಸಲುವಾಗಿ ಎರಡು ತಿಂಗಳಲ್ಲಿ ತೆಳ್ಳಗಾಗಬೇಕು ಎನ್ನುವವರಿಗೆ ಇದು ದಾರಿಯಲ್ಲ.

ಇರುವ ದಾರಿಗಳು

ಈಗ ಜಗತ್ತಿನಲ್ಲಿ ಹೆಚ್ಚು ನಡೆಯುವುದು ‘ಸ್ಲೀವ್ ಗ್ಯಾಸ್ಟ್ರೆಕ್ಟಮಿ’. ಜಠರದ ಮುಕ್ಕಾಲು ಭಾಗವನ್ನು ಕತ್ತರಿಸಿ ತೆಗೆದು, ಬಾಳೆಹಣ್ಣಿನಷ್ಟು ಕೊಳವೆಯನ್ನು ಉಳಿಸುತ್ತಾರೆ. ಕರುಳಿನ ದಾರಿ ಬದಲಾಗುವುದಿಲ್ಲ. ತೆಗೆದ ಭಾಗವನ್ನು ಮತ್ತೆ ಜೋಡಿಸಲಾಗದು. ಮೊದಲೇ ಹುಳಿತೇಗು, ಎದೆಯುರಿ ಜಾಸ್ತಿ ಇದ್ದವರಿಗೆ ಇದರಿಂದ ಅದು ಇನ್ನೂ ಹೆಚ್ಚಬಹುದು.

ಎರಡನೆಯದು ‘ಗ್ಯಾಸ್ಟ್ರಿಕ್ ಬೈಪಾಸ್’. 1960ರ ದಶಕದಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಇದಕ್ಕೆ ನಾಂದಿ ಹಾಡಿದರು. ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲ ಮಾಡಿ, ಸಣ್ಣ ಕರುಳಿನ ಮುಂದಿನ ಭಾಗಕ್ಕೆ ನೇರವಾಗಿ ಜೋಡಿಸುತ್ತಾರೆ. ಮಧುಮೇಹ ಹಾಗೂ ಎದೆಯುರಿ ಇದ್ದವರಿಗೆ ವೈದ್ಯರು ಇದನ್ನು ಸೂಚಿಸುವುದುಂಟು. ಒಂದೇ ಜೋಡಣೆಯ ‘ಮಿನಿ ಬೈಪಾಸ್’ 1997ರಿಂದೀಚೆಗೆ ಬಳಕೆಗೆ ಬಂದದ್ದು. ಬೈಪಾಸ್‌ನಲ್ಲಿ ಕಬ್ಬಿಣಾಂಶ, ಕ್ಯಾಲ್ಸಿಯಂ, ಬಿ12 ಜೀವಸತ್ವ ಹೀರಿಕೆ ಕಡಿಮೆಯಾಗುತ್ತದೆ, ಹಾಗಾಗಿ ಮಾತ್ರೆಗಳು ಬದುಕಿನುದ್ದಕ್ಕೂ ಬೇಕು. ಎಂಡೋಸ್ಕೋಪಿ ಮೂಲಕ ಜಠರದೊಳಗೆ ಇಡುವ ಬಲೂನು ತಾತ್ಕಾಲಿಕ. ಸಾಮಾನ್ಯವಾಗಿ ಆರು ತಿಂಗಳಿಗೆ ತೆಗೆಯುತ್ತಾರೆ.

ಸ್ಲೀವ್‌ನಲ್ಲಿ ಒಟ್ಟು ತೂಕದ ಕಾಲು ಭಾಗ, ಬೈಪಾಸ್‌ನಲ್ಲಿ ಶೇ 30ರ ಆಸುಪಾಸು ಇಳಿಯುವ ನಿರೀಕ್ಷೆ ಇಟ್ಟುಕೊಳ್ಳಬಹುದು. ಮೇಲೆ ಹೇಳಿದ 96 ಕಿಲೊದವರು 70ರ ಹತ್ತಿರ ಬಂದು ನಿಲ್ಲುತ್ತಾರೆ. 55ಕ್ಕೆ ಇಳಿಸಿ ಕೊಡುತ್ತೇವೆ ಎಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ. ಸಕ್ಕರೆ ಕಾಯಿಲೆ ಸಂಪೂರ್ಣ ಹೋಗುತ್ತದೆ ಎಂಬ ಮಾತನ್ನೂ ತೂಗಿ ನೋಡಬೇಕು. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಅಧ್ಯಯನದಲ್ಲಿ ಐದು ವರ್ಷಗಳ ಬಳಿಕ ಸಕ್ಕರೆಯನ್ನು ನಿಗದಿತ ಮಟ್ಟಕ್ಕೆ ತಂದವರು ಬೈಪಾಸ್ ಗುಂಪಿನಲ್ಲಿ ಶೇ 29, ಸ್ಲೀವ್‌ನಲ್ಲಿ ಶೇ 23, ಬರೀ ಔಷಧಿ ಪಡೆದವರಲ್ಲಿ ಶೇ 5. ಲಾಭ ದೊಡ್ಡದು, ಆದರೆ ಎಲ್ಲರಿಗೂ ಅಲ್ಲ. 1987ರಲ್ಲಿ ಶುರುವಾದ ಸ್ವೀಡನ್ ಅಧ್ಯಯನ ಸುಮಾರು 4,000 ಜನರನ್ನು ದೀರ್ಘಕಾಲ ಗಮನಿಸಿ, ಶಸ್ತ್ರಚಿಕಿತ್ಸೆ ಆದವರಲ್ಲಿ ಸಾವಿನ ಪ್ರಮಾಣ ಕಡಿಮೆ ಎಂದು ತೋರಿಸಿತು.

ಒಂದು ಗೊಂದಲವನ್ನು ಇಲ್ಲಿಯೇ ಬಿಡಿಸಬೇಕು. ಚರ್ಮದಡಿಯ ಕೊಬ್ಬನ್ನು ಹೀರಿ ತೆಗೆಯುವ ಲೈಪೊಸಕ್ಷನ್ ಬೇರೆ. ಅದು ಅಂದದ ಚಿಕಿತ್ಸೆ, ಅದರಿಂದ ಬೊಜ್ಜಿನ ರೋಗ ಹೋಗದು. 2022ರ ಮೇನಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಚಿಕಿತ್ಸೆಗೆ ಒಳಗಾದ ಕಿರುತೆರೆ ನಟಿ ಚೇತನಾ ರಾಜ್ ತೀರಿಕೊಂಡಾಗ, ಎರಡನ್ನೂ ಒಂದೇ ಎಂದುಕೊಂಡವರು ಬಹಳ ಜನ. ಯಾವ ಚಿಕಿತ್ಸೆಯೇ ಆಗಲಿ, ತುರ್ತು ನಿಗಾ ಘಟಕ, ಅರಿವಳಿಕೆ ತಜ್ಞರು ಇರುವ ಕಡೆಯೇ ನಡೆಯಬೇಕು.

ತಟ್ಟೆಯ ಮುಂದೆ ಹೊಸ ಪಾಠ

ಆಪರೇಷನ್ ಒಂದೆರಡು ತಾಸಿನದು. ಅಂದು ಸಂಜೆಯೋ ಮರುದಿನವೋ ರೋಗಿಯನ್ನು ಎಬ್ಬಿಸಿ ವಾರ್ಡಿನಲ್ಲಿ ನಡೆಸುತ್ತಾರೆ. ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟದಿರಲು ಈ ನಡಿಗೆ ಅಗತ್ಯ. ಆಮೇಲೆ ಶುರುವಾಗುವುದು ಔಷಧಿ ಅಳೆಯುವ ಪುಟ್ಟ ಬಟ್ಟಲಿನ ಸಂಸಾರ. 30 ಮಿಲಿಲೀಟರ್ ನೀರನ್ನು ಗುಟುಕು ಗುಟುಕಾಗಿ ಕಾಲು ತಾಸು ಕುಡಿಯಬೇಕು. ನಂತರ ತಿಳಿಮಜ್ಜಿಗೆ, ಬೇಳೆಕಟ್ಟಿನ ತಿಳಿ. ಎರಡು ವಾರದ ಮೇಲೆ ನುಣ್ಣಗೆ ಅರೆದ ಹೆಸರುಬೇಳೆ, ಮೊಸರು. ಆಮೇಲೆ ಮೆತ್ತನೆಯ ಅನ್ನ, ಮೊಟ್ಟೆ, ಪನೀರು. ಜೋಳದ ರೊಟ್ಟಿ ಮುಟ್ಟುವ ಹೊತ್ತಿಗೆ ಒಂದೂವರೆ ತಿಂಗಳಾದರೂ ಆಗಿರುತ್ತದೆ. ಅದೂ ಬಿಸಿರೊಟ್ಟಿಯ ಕಾಲು ತುಂಡು, ಬಾಯಲ್ಲಿ ನೀರಾಗುವಷ್ಟು ಅಗಿದು.

ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೊಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಸಿಗುವುದು ಸುಮಾರು 6 ಗ್ರಾಂ. ಶಾಕಾಹಾರಿ ಮನೆಗಳಲ್ಲಿ ಇದನ್ನು ಕಾಳು, ಹಾಲು, ಮೊಸರು, ಪನೀರಿನಲ್ಲಿ ಹೊಂದಿಸುವುದು ಕಷ್ಟದ ಲೆಕ್ಕ. ಆಹಾರತಜ್ಞರು ಬೇಕೇಬೇಕಾಗುವುದು ಇಲ್ಲಿಯೇ. ಮಡಿಕೆಕಾಳು, ಝುಣಕ, ಶೇಂಗಾ ಚಟ್ನಿ ಗೊತ್ತಿರುವ ಆಹಾರತಜ್ಞರು ಸಿಕ್ಕರೆ ಅರ್ಧ ಕಷ್ಟ ಕಳೆದಂತೆ. ಊಟದ ಜೊತೆ ನೀರು ಕುಡಿಯುವ ಹಾಗಿಲ್ಲ, ಅರ್ಧ ತಾಸು ಬಿಟ್ಟೇ ಕುಡಿಯಬೇಕು. ಬೈಪಾಸ್ ಆದವರು ಧಾರವಾಡ ಪೇಡೆ ಬಾಯಿಗೆ ಹಾಕಿಕೊಂಡರೆ ಕೆಲವೇ ನಿಮಿಷಗಳಲ್ಲಿ ಬೆವರು, ಎದೆಬಡಿತ, ಹೊಟ್ಟೆನುಲಿತ ಬರಬಹುದು. ಪದೇ ಪದೇ ವಾಂತಿಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಬಿ1 ಜೀವಸತ್ವ ಕುಸಿದರೆ ನರಗಳಿಗೆ ಶಾಶ್ವತ ಹಾನಿಯಾಗುವ ಅಪಾಯವಿದೆ.

ಒಬ್ಬರಿಗೊಬ್ಬರು ಆಸರೆ

ಚಿಕಿತ್ಸೆ ಆದವರನ್ನೂ ಆಗಬೇಕಾದವರನ್ನೂ ಒಟ್ಟಿಗೆ ಕೂರಿಸಿ ಮಾತಾಡಿಸುವ ಪದ್ಧತಿ ಒಳ್ಳೆಯ ಬೊಜ್ಜು ಚಿಕಿತ್ಸಾ ಕೇಂದ್ರಗಳಲ್ಲಿದೆ. ಇಂಥ ಸಭೆಗಳಲ್ಲಿ ಎದ್ದು ಬರುವ ಪ್ರಶ್ನೆಗಳು ಡಾಕ್ಟರರ ಕೋಣೆಯಲ್ಲಿ ಬಾಯಿಗೆ ಬರುವುದಿಲ್ಲ. ‘ಕೂದಲಾ ಉದರಾಕ ಹತ್ಯಾವ್ರೀ, ನಿಲ್ತಾವೇನು?’ ಎಂದು ನಾಲ್ಕನೆಯ ತಿಂಗಳಿನವರು ಕೇಳಿದರೆ, ವರ್ಷ ದಾಟಿದವರು ತಮ್ಮ ತಲೆ ತೋರಿಸಿ ಧೈರ್ಯ ಹೇಳುತ್ತಾರೆ. ಜೋಲುವ ಚರ್ಮ, ಎಲ್ಲರ ಕಣ್ಣೆದುರು ಕಡಿಮೆ ಉಣ್ಣುವ ಮುಜುಗರ, ಮಗು ಯಾವಾಗ ಎಂಬ ಅತ್ತೆ ಮನೆಯವರ ಒತ್ತಾಯ, ಎಲ್ಲವೂ ಅಲ್ಲಿ ಹೊರಬರುತ್ತವೆ. ಆಪರೇಷನ್ ಬಳಿಕ ಒಂದರಿಂದ ಒಂದೂವರೆ ವರ್ಷ ಗರ್ಭಧಾರಣೆ ಬೇಡ ಎಂಬುದನ್ನು ಸೊಸೆಯ ಜೊತೆ ಮನೆಯವರೂ ಕೇಳಿಸಿಕೊಳ್ಳಬೇಕು.

ನಮ್ಮ ಕಡೆ ಪ್ರೀತಿ ತೋರಿಸುವುದೇ ಬಡಿಸುವುದರ ಮೂಲಕ. ‘ಒಂದs ಹೋಳಿಗಿ ತಿಂದ್ರ ಏನಾಗ್ತೈತಿ’ ಎಂದು ತುಪ್ಪ ಸುರಿಯುವ ಕೈಗಳಿಗೆ ಬೇಡ ಎನ್ನಲು ರೋಗಿಗೆ ಜೊತೆಗಾರರು ಬೇಕು. ಎರಡು ವರ್ಷದ ನಂತರ ಒಂದಿಷ್ಟು ತೂಕ ಮರಳುವುದು ಸಹಜ. ಆಗ ನಾಚಿಕೆಯಿಂದ ಆಸ್ಪತ್ರೆಯ ಮೆಟ್ಟಿಲು ಹತ್ತದವರೇ ಹೆಚ್ಚು ಕಷ್ಟಕ್ಕೆ ಸಿಲುಕುತ್ತಾರೆ. ಬೆಂಗಳೂರು 400 ಕಿಲೊಮೀಟರ್ ಆಚೆ. ಗದುಗಿನವರಿಗೆ ಹುಬ್ಬಳ್ಳಿ ಬೆಳಿಗ್ಗೆ ಹೋಗಿ ಸಂಜೆ ಮರಳುವ ದಾರಿ. ಊರ ಹತ್ತಿರದ ಆಸ್ಪತ್ರೆಯ ನಿಜವಾದ ಬೆಲೆ ಈ ಮರುಭೇಟಿಗಳಲ್ಲಿದೆ.

ಅಪಾಯ, ಇಂಜೆಕ್ಷನ್, ವಿಮೆ

ನುರಿತ ಕೈಗಳಲ್ಲಿ ಈ ಶಸ್ತ್ರಚಿಕಿತ್ಸೆಯ ಸಾವಿನ ಅಪಾಯ ಸಾವಿರಕ್ಕೆ ಒಂದರ ಆಸುಪಾಸು. ಹೊಲಿಗೆಯ ಜಾಗದಲ್ಲಿ ಸೋರಿಕೆ, ರಕ್ತಸ್ರಾವ, ಪಿತ್ತಕೋಶದ ಕಲ್ಲು ಆಗಬಹುದಾದ ತೊಂದರೆಗಳು. ತಂಬಾಕು ಮೊದಲೇ ಬಿಡಬೇಕು. ಬೈಪಾಸ್ ಆದವರು ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗಿದರೆ ಹುಣ್ಣಾಗುವ ಭಯವಿದೆ.

ತೂಕ ಇಳಿಸುವ ಔಷಧಿಗಳಾದ ಮೌಂಜಾರೊ 2025ರ ಮಾರ್ಚ್‌ನಲ್ಲಿ, ವೆಗೋವಿ ಜೂನ್‌ನಲ್ಲಿ ಭಾರತದ ಮಾರುಕಟ್ಟೆಗೆ ಬಂದ ಮೇಲೆ ವಾರಕ್ಕೊಂದು ಇಂಜೆಕ್ಷನ್ನಿನ ದಾರಿಯೂ ಸಿಕ್ಕಿದೆ. ಹಲವರಿಗೆ ಅದು ಸಾಕಾಗಬಹುದು. ನಿಲ್ಲಿಸಿದರೆ ಬಹುಪಾಲು ಜನರಲ್ಲಿ ತೂಕ ಮರಳುತ್ತದೆ ಎಂಬುದನ್ನು ತಿಳಿದೇ ಆಯ್ಕೆ ಮಾಡಬೇಕು.

ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮದಲ್ಲಿ 18 ತುಂಬಿದವರಿಗೆ, ಬಿಎಂಐ 40 ಇದ್ದರೆ, ಅಥವಾ 35 ಇದ್ದು ಹೃದ್ರೋಗ, ಹತೋಟಿಗೆ ಬಾರದ ಮಧುಮೇಹ, ತೀವ್ರ ನಿದ್ರಾ ಉಸಿರುಕಟ್ಟುವಿಕೆಯಂಥ ಕಾಯಿಲೆಯಿದ್ದು ಬೇರೆ ಉಪಾಯ ಫಲಿಸದಿದ್ದರೆ ವಿಮೆಗೆ ಅವಕಾಶವಿದೆ. ಪಾಲಿಸಿಯ ಕಾಯುವ ಅವಧಿಯನ್ನು ಓದಿಕೊಂಡೇ ಮುಂದುವರಿಯಿರಿ.

ಸಹಿ ಹಾಕುವ ಮೊದಲು ಕೇಳಿ

• ನನಗೆ ಈ ವಿಧಾನವೇ ಏಕೆ, ಬೇರೆಯದು ಏಕಲ್ಲ?
• ಇಲ್ಲಿ ಇಂಥ ಎಷ್ಟು ಶಸ್ತ್ರಚಿಕಿತ್ಸೆಗಳಾಗಿವೆ, ತೊಂದರೆಯಾದವರೆಷ್ಟು?
• ಆಹಾರತಜ್ಞರು, ಮನೋತಜ್ಞರು ಆಸ್ಪತ್ರೆಯಲ್ಲೇ ಇದ್ದಾರೆಯೇ?
• ಐದು ವರ್ಷದ ಹಿಂದೆ ಚಿಕಿತ್ಸೆ ಪಡೆದವರ ಜೊತೆ ಮಾತಾಡಬಹುದೇ?
• ಮರುಭೇಟಿ, ರಕ್ತಪರೀಕ್ಷೆ, ಮಾತ್ರೆಗಳಿಗೆ ವರ್ಷಕ್ಕೆ ಎಷ್ಟು ಖರ್ಚು?
• ನಡುರಾತ್ರಿ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು?

ಇಷ್ಟಕ್ಕೂ ಸಮಾಧಾನದಿಂದ ಉತ್ತರ ಕೊಡುವ ಆಸ್ಪತ್ರೆ ಸಿಗುವವರೆಗೆ ಅವಸರ ಮಾಡಬೇಡಿ. ಸಿಕ್ಕ ಮೇಲೆ, ಜನ ಏನೆಂದಾರು ಎಂಬ ಸಂಕೋಚಕ್ಕೆ ಚಿಕಿತ್ಸೆಯನ್ನು ಮುಂದೂಡಲೂ ಬೇಡಿ. ಮನೆಯಲ್ಲಿ ಇಂಥವರಿದ್ದರೆ ಉಪದೇಶ ಬಿಟ್ಟು, ಮೊದಲ ಭೇಟಿಗೆ ಅವರ ಜೊತೆ ನೀವೂ ಹೋಗಿ ಕುಳಿತುಕೊಳ್ಳಿ.