ಒತ್ತಡ: ಹೊರೆಯೋ, ಬಲವೋ?

ಮಾರ್ಚ್ ತಿಂಗಳು ಬಂತೆಂದರೆ ಪರೀಕ್ಷೆಗೆ ಕೂರುವ ಮಕ್ಕಳಿರುವ ಮನೆಗಳಲ್ಲಿ ಟಿ.ವಿ. ಸದ್ದು ಅಡಗುತ್ತದೆ. ಮದುವೆ ಗೊತ್ತಾದ ಮನೆಯಲ್ಲಿ ಛತ್ರ, ಜವಳಿ, ಅಡುಗೆಯವರು ಎಂದು ಯಜಮಾನರ ನಿದ್ದೆ ಹಾರಿಹೋಗುತ್ತದೆ. ಸಾಲದ ಕಂತು ಕಟ್ಟುವ ದಿನ ಹತ್ತಿರವಾದರೆ ಊಟ ರುಚಿಸುವುದಿಲ್ಲ. ಇವೆಲ್ಲಕ್ಕೂ ಇಂದು ನಾವು ಕೊಡುವ ಹೆಸರು ಒಂದೇ: ಒತ್ತಡ. ಒಂದೆರಡು ತಲೆಮಾರಿನ ಹಿಂದಿನವರ ಬಾಯಲ್ಲಿ ಇದಕ್ಕೆ ಹಲವು ಮಾತುಗಳಿದ್ದವು. ತಲೆಬಿಸಿ, ಕಳವಳ, ತಳಮಳ, ದುಗುಡ, ಚಿಂತೆ, ಗಡಿಬಿಡಿ ಎಲ್ಲಕ್ಕೂ ಬೇರೆ ಬೇರೆ ಛಾಯೆ. ಮಗಳ ಮದುವೆಯ ಗಡಿಬಿಡಿಯನ್ನು ಯಾರೂ ದುಗುಡವೆನ್ನುತ್ತಿರಲಿಲ್ಲ. ಎಲ್ಲವನ್ನೂ ಒಂದೇ ಮೂಟೆಗೆ ಕಟ್ಟಿದ್ದರಿಂದ ಒತ್ತಡವೆಂದರೆ ಹಾನಿಯೇ ಎಂಬ ಭಾವನೆ ಬೇರೂರಿದೆ. ಈ ಪದವನ್ನು ವೈದ್ಯಶಾಸ್ತ್ರಕ್ಕೆ ತಂದ ವಿಜ್ಞಾನಿಯೇ ಈ ಭಾವನೆಯನ್ನು ತಿದ್ದಲು ಕೊನೆಗಾಲದವರೆಗೂ ಹೆಣಗಿದ ಎಂಬುದು ಸ್ವಾರಸ್ಯದ ಸಂಗತಿ.

ಅವನ ಹೆಸರು ಹಾನ್ಸ್ ಸೆಲ್ಯೆ. 1907ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ, ಪ್ರಾಗ್‌ನಲ್ಲಿ ವೈದ್ಯಕೀಯ ಓದಿದವನು. ವಿದ್ಯಾರ್ಥಿಯಾಗಿದ್ದಾಗಲೇ ಅವನಿಗೊಂದು ಸಂಶಯ ಹುಟ್ಟಿತ್ತು. ವಾರ್ಡಿನಲ್ಲಿ ಮಲಗಿದವರ ಕಾಯಿಲೆಗಳು ಬೇರೆ ಬೇರೆ. ಆದರೆ ಹಸಿವಿಲ್ಲದಿರುವುದು, ನಿಶ್ಶಕ್ತಿ, ಬಾಡಿದ ಮುಖ ಎಲ್ಲರಲ್ಲೂ ಒಂದೇ. ಹಾಗಾದರೆ 'ಕಾಯಿಲೆ ಬೀಳುವುದು' ಎಂಬುದೇ ಒಂದು ಪ್ರತ್ಯೇಕ ಕ್ರಿಯೆಯೇ? ಮುಂದೆ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಅವನು ಇಲಿಗಳಿಗೆ ಗ್ರಂಥಿಗಳ ಸಾರವನ್ನು ಚುಚ್ಚಿ ಹೊಸ ಹಾರ್ಮೋನೊಂದನ್ನು ಹುಡುಕುತ್ತಿದ್ದ. ಇಲಿಗಳ ಅಡ್ರಿನಲ್ ಗ್ರಂಥಿ ಊದಿಕೊಂಡಿತು, ಎದೆಯೊಳಗಿನ ಥೈಮಸ್ ಕುಗ್ಗಿತು, ಜಠರದಲ್ಲಿ ಹುಣ್ಣಾಯಿತು. ಹಾರ್ಮೋನು ಸಿಕ್ಕಿತೆಂದು ಹಿಗ್ಗಿದವನಿಗೆ ನಿರಾಶೆಯೇ ಕಾದಿತ್ತು. ಯಾವ ಸಾರ ಚುಚ್ಚಿದರೂ, ಕೊನೆಗೆ ಬರೀ ಫಾರ್ಮಲಿನ್ ಚುಚ್ಚಿದರೂ ಫಲ ಅದೇ! ಚಳಿಯಲ್ಲಿಟ್ಟರೂ, ದಣಿಯುವಂತೆ ಓಡಿಸಿದರೂ ಅದೇ. ಈ ನಿರಾಶೆಯೇ ಶೋಧವಾಯಿತು. ಪೆಟ್ಟು ಯಾವುದೇ ಇರಲಿ, ದೇಹ ಕೊಡುವ ಉತ್ತರಕ್ಕೆ ಒಂದು ಸಾಮಾನ್ಯ ರೂಪವಿದೆ ಎಂದು ಅವನು 1936ರಲ್ಲಿ 'ನೇಚರ್' ಪತ್ರಿಕೆಗೆ ಒಂದು ಪುಟ್ಟ ಪತ್ರ ಬರೆದ. ಎಚ್ಚರಿಕೆಯ ಹಂತ, ತಾಳಿಕೊಳ್ಳುವ ಹಂತ, ಸೋತು ಕುಸಿಯುವ ಹಂತ ಎಂಬ ಮೂರು ಘಟ್ಟಗಳನ್ನೂ ಗುರುತಿಸಿದ.

ಇದಕ್ಕೆ ಅವನು ಮುಂದೆ ಇಟ್ಟ 'ಸ್ಟ್ರೆಸ್' ಎಂಬ ಹೆಸರು ಎಂಜಿನಿಯರುಗಳದು. ತೊಲೆಯ ಮೇಲೆ ಭಾರ ಬಿದ್ದಾಗ ಅದರೊಳಗೆ ಉಂಟಾಗುವ ಬಲ 'ಸ್ಟ್ರೆಸ್', ಅದರಿಂದ ತೊಲೆ ಬಾಗುವುದು 'ಸ್ಟ್ರೇನ್'. ಸೆಲ್ಯೆ ಹೇಳಬೇಕೆಂದಿದ್ದುದು ಎರಡನೆಯದನ್ನು. ತನ್ನ ಇಂಗ್ಲಿಷ್ ಚೆನ್ನಾಗಿದ್ದಿದ್ದರೆ ಆ ಪದವನ್ನೇ ಬಳಸುತ್ತಿದ್ದೆ ಎಂದು ಅವನು ಅನಂತರ ಹೇಳಿಕೊಂಡದ್ದುಂಟು. ಹೊರಗಿನ ಭಾರವನ್ನೂ ಒಳಗಿನ ಬಾಗನ್ನೂ ಒಂದೇ ಮಾತಿನಲ್ಲಿ ಹೇಳುವ ಗೊಂದಲ ಅಲ್ಲಿಂದ ಶುರುವಾಗಿ, ಕನ್ನಡದ 'ಒತ್ತಡ'ಕ್ಕೂ ಅಂಟಿಕೊಂಡಿದೆ. 'ಆಫೀಸಿನಲ್ಲಿ ಒತ್ತಡ' ಎಂದರೆ ಕೆಲಸ ಹೆಚ್ಚೆಂದೋ, ಕೆಲಸಗಾರ ಕುಗ್ಗಿದ್ದಾನೆಂದೋ?

ದೇಹದೊಳಗೆ ನಡೆಯುವುದನ್ನು ಸೆಲ್ಯೆಗಿಂತ ಮೊದಲೇ ಹಾರ್ವರ್ಡ್‌ನ ವಾಲ್ಟರ್ ಕ್ಯಾನನ್ ಗಮನಿಸಿದ್ದ. ಎಕ್ಸ್‌ರೇ ಯಂತ್ರದಡಿ ಬೆಕ್ಕುಗಳ ಜಠರವನ್ನು ನೋಡುತ್ತಿದ್ದಾಗ, ಬೆಕ್ಕು ಬೆದರಿದೊಡನೆ ಜಠರದ ಚಲನೆ ನಿಂತುಬಿಡುತ್ತಿತ್ತು. ಅಪಾಯ ಬಂದಾಗ ದೇಹ ಜೀರ್ಣಕ್ರಿಯೆಯಂಥ ನಿಧಾನದ ಕೆಲಸಗಳನ್ನು ಮುಂದೂಡುತ್ತದೆ. ಅಡ್ರಿನಾಲಿನ್ ಹರಿಯುತ್ತದೆ, ಹೃದಯ ವೇಗವಾಗಿ ಬಡಿಯುತ್ತದೆ, ರಕ್ತ ಸ್ನಾಯುಗಳತ್ತ ನುಗ್ಗುತ್ತದೆ. ಹೋರಾಡು, ಇಲ್ಲವೇ ಓಡು ಎಂಬ ಸಿದ್ಧತೆ ಇದು. ಪ್ರಯೋಗಶಾಲೆಗಳಿಗೆ ಎಷ್ಟೋ ಶತಮಾನ ಮೊದಲೇ ಭಗವದ್ಗೀತೆಯ ಮೊದಲ ಅಧ್ಯಾಯ ಅರ್ಜುನನ ಒಣಗಿದ ಬಾಯಿ, ನಡುಗುವ ಮೈ, ನಿಮಿರಿದ ರೋಮ, ಜಾರುವ ಗಾಂಡೀವವನ್ನು ಒಂದೊಂದಾಗಿ ಹೇಳಿದೆ. ವೈದ್ಯರ ಚೀಟಿಯಲ್ಲಿ ಬರೆದಿಟ್ಟಂಥ ಲಕ್ಷಣಗಳು!

ಈ ಸಿದ್ಧತೆ ಇರುವುದು ಕೆಲಸಕ್ಕೆಂದೇ. ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಅಮೆರಿಕನ್ನರು 1908ರಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಕಷ್ಟದ ಪಾಠವನ್ನು ಅವು ಬೇಗ ಕಲಿತದ್ದು ತೀರ ಸಣ್ಣ ವಿದ್ಯುತ್ ಆಘಾತಕ್ಕೂ ಅಲ್ಲ, ದೊಡ್ಡದಕ್ಕೂ ಅಲ್ಲ, ನಡುವಿನದಕ್ಕೆ. ಇದನ್ನು ಮ್ಯಾನೇಜ್‌ಮೆಂಟ್ ಪುಸ್ತಕಗಳು ಸಕಲ ಮಾನವರಿಗೂ ಅನ್ವಯವಾಗುವ ನಿಯಮವೆಂಬಂತೆ ಉಬ್ಬಿಸಿವೆ. ಅಷ್ಟು ಧಾರಾಳ ಬೇಡ. ಆದರೆ ರಂಗದ ಮೇಲೆ ಹೆಜ್ಜೆಯಿಡುವ ಮುನ್ನ ಎದೆ ಬಡಿದುಕೊಳ್ಳದ ನಟ ಅಪರೂಪ ಎಂಬುದು ಎಲ್ಲರೂ ಬಲ್ಲ ಮಾತು. ಸೆಲ್ಯೆಯೇ 1970ರ ದಶಕದಲ್ಲಿ ಒತ್ತಡವನ್ನು ಎರಡಾಗಿ ವಿಂಗಡಿಸಿ, ಒಳ್ಳೆಯದಕ್ಕೆ ಗ್ರೀಕ್ ಪ್ರತ್ಯಯ ಸೇರಿಸಿ 'ಯೂಸ್ಟ್ರೆಸ್' ಎಂದು ಹೆಸರಿಟ್ಟ. ಒತ್ತಡವೇ ಇಲ್ಲದ ಸ್ಥಿತಿಯೆಂದರೆ ಸಾವು ಎಂಬುದು ಅವನ ನಿಲುವಾಗಿತ್ತು.

ಅವನನ್ನು ಋಷಿಯೆಂದು ಕೊಂಡಾಡಬೇಕಾಗಿಯೂ ಇಲ್ಲ. ಅವನ ಸಂಶೋಧನೆಗೆ ತಂಬಾಕು ಕಂಪನಿಗಳ ಹಣ ಬಂದಿತ್ತೆಂಬುದು ಆ ಕಂಪನಿಗಳ ಕಡತಗಳು ಬಹಿರಂಗವಾದ ಮೇಲೆ ತಿಳಿದುಬಂತು. ಹೃದ್ರೋಗದ ತಪ್ಪನ್ನು ಸಿಗರೇಟಿನಿಂದ ಒತ್ತಡದ ತಲೆಗೆ ಕಟ್ಟಿದರೆ ಲಾಭ ಯಾರಿಗೆಂದು ಬೇರೆ ಹೇಳಬೇಕಿಲ್ಲ. ಜಠರದ ಹುಣ್ಣಿಗೂ ಬಹುಕಾಲ ಒತ್ತಡವನ್ನೇ ದೂರಿದರು. ಕಡೆಗೆ ಹೆಚ್ಚಿನ ಹುಣ್ಣುಗಳಿಗೆ ಕಾರಣ ಒಂದು ಬ್ಯಾಕ್ಟೀರಿಯ ಎಂದು ತೋರಿಸಿಕೊಟ್ಟ ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್‌ರಿಗೆ 2005ರಲ್ಲಿ ನೊಬೆಲ್ ಬಂತು.

ಹಾಗಾದರೆ ದಿನನಿತ್ಯದ ಒತ್ತಡವನ್ನು ಬಲವಾಗಿ ತಿರುಗಿಸಿಕೊಳ್ಳುವುದು ಸಾಧ್ಯವೇ? ಸ್ವಲ್ಪಮಟ್ಟಿಗೆ ಸಾಧ್ಯ, ಅದೂ ದೇಹದ ಸೂಚನೆಯನ್ನು ನಾವು ಓದುವ ರೀತಿಯಿಂದ. ಜೆರೆಮಿ ಜೇಮಿಸನ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಮೆರಿಕದ ಪ್ರವೇಶ ಪರೀಕ್ಷೆಯೊಂದಕ್ಕೆ ಸಿದ್ಧರಾಗುತ್ತಿದ್ದ ಕೆಲವು ವಿದ್ಯಾರ್ಥಿಗಳಿಗೆ 'ಎದೆ ಹೊಡೆದುಕೊಂಡರೆ ಗಾಬರಿ ಬೇಡ, ಅದು ಉತ್ತರ ಬರೆಯಲು ನೆರವಾಗುತ್ತದೆ' ಎಂದಷ್ಟೇ ಹೇಳಲಾಯಿತು. ಗಣಿತದಲ್ಲಿ ಅವರು ಉಳಿದವರಿಗಿಂತ ಹೆಚ್ಚು ಅಂಕ ಪಡೆದರು. ಮರುವರ್ಷವೇ ಷಿಕಾಗೋದ ರಮಿರೆಜ್ ಮತ್ತು ಬೈಲಾಕ್ ಇನ್ನೊಂದು ಉಪಾಯವನ್ನು ಪರೀಕ್ಷಿಸಿದರು. ಪರೀಕ್ಷೆಗೆ ಮುನ್ನ ಹತ್ತು ನಿಮಿಷ ತಮ್ಮ ಭಯವನ್ನು ಕಾಗದದ ಮೇಲೆ ಬರೆದ ಶಾಲಾ ಮಕ್ಕಳಲ್ಲಿ, ಹೆದರುವ ಸ್ವಭಾವದವರ ಅಂಕಗಳು ಮೇಲೇರಿದವು. ಮನಸ್ಸಿನಲ್ಲಿ ಸುತ್ತುವ ಚಿಂತೆ, ಲೆಕ್ಕಕ್ಕೆ ಬೇಕಾದ ಜಾಗವನ್ನೇ ಆಕ್ರಮಿಸಿಕೊಂಡಿರುತ್ತದೆ. ಬರೆದಿಟ್ಟರೆ ಆ ಜಾಗ ತೆರವಾಗುತ್ತದೆ ಎಂಬುದು ಅವರ ವಿವರಣೆ. ಉಸಿರನ್ನು ನಿಧಾನವಾಗಿ ಹೊರಬಿಟ್ಟರೆ ಹೃದಯದ ಬಡಿತ ಇಳಿಯುತ್ತದೆ ಎಂಬುದು ಪ್ರಾಣಾಯಾಮ ಬಲ್ಲವರಿಗೆ ಹೊಸತಲ್ಲ. ಉಡುಪಿ ಸೀಮೆಯಲ್ಲಿ ಹುಟ್ಟಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಹೆಸರು ಮಾಡಿದ ಶಸ್ತ್ರವೈದ್ಯ ಡಾ. ಕೆ.ಎನ್. ಉಡುಪ ಅವರು ಒತ್ತಡ ಮತ್ತು ಯೋಗದ ಸಂಬಂಧವನ್ನು ಪ್ರಯೋಗಗಳಿಂದ ಪರಿಶೀಲಿಸಿದ ಮೊದಲಿಗರಲ್ಲಿ ಒಬ್ಬರು.

ಆದರೆ ಈ ಮಾತಿಗೊಂದು ಗಡಿಯಿದೆ. ಉಪದೇಶಕರು ಸಾಮಾನ್ಯವಾಗಿ ಅದನ್ನು ದಾಟಿ ನಡೆಯುತ್ತಾರೆ. ಪರೀಕ್ಷೆ ಮೂರು ಗಂಟೆಯಲ್ಲಿ ಮುಗಿಯುತ್ತದೆ. ಮುಗಿಯದ ಒತ್ತಡದ ಮಾತೇ ಬೇರೆ. ಅಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನಿನ ದೈನಿಕ ಏರಿಳಿತವೇ ಕೆಡುತ್ತದೆ, ನಿದ್ದೆ ಕೆಡುತ್ತದೆ, ಸೆಲ್ಯೆ ಹೇಳಿದ ಮೂರನೆಯ ಘಟ್ಟ ಸಮೀಪಿಸುತ್ತದೆ. ಅಂಥ ಒತ್ತಡ ಯಾರ ಪಾಲಿಗೆ ಹೆಚ್ಚು? ದೊಡ್ಡ ಜವಾಬ್ದಾರಿ ಹೊತ್ತ ಸಾಹೇಬರಿಗೆ ಎಂದೇ ಎಲ್ಲರೂ ನಂಬಿದ್ದರು. ಲಂಡನ್ನಿನ ವೈಟ್‌ಹಾಲ್ ಸರ್ಕಾರಿ ಕಚೇರಿಗಳಲ್ಲಿ 1967ರಲ್ಲಿ ಆರಂಭವಾದ, ಸುಮಾರು 18,000 ಪುರುಷ ನೌಕರರ ಅಧ್ಯಯನ ಈ ನಂಬಿಕೆಯನ್ನು ತಲೆಕೆಳಗು ಮಾಡಿತು. ಹೃದ್ರೋಗದಿಂದ ಸಾಯುವವರ ಪ್ರಮಾಣ ಉನ್ನತ ಅಧಿಕಾರಿಗಳಿಗಿಂತ ತಳಮಟ್ಟದ ಜವಾನರು, ದ್ವಾರಪಾಲಕರಲ್ಲಿ ಮೂರು ಪಟ್ಟಿಗಿಂತ ಹೆಚ್ಚಿತ್ತು! ಬೀಡಿ ಸಿಗರೇಟು, ಕೊಬ್ಬು, ರಕ್ತದೊತ್ತಡಗಳನ್ನು ಲೆಕ್ಕಕ್ಕೆ ಹಿಡಿದರೂ ಈ ಅಂತರದ ದೊಡ್ಡ ಪಾಲು ಹಾಗೇ ಉಳಿಯಿತು. ಹೆಂಗಸರನ್ನೂ ಸೇರಿಸಿಕೊಂಡು 1985ರಲ್ಲಿ ಆರಂಭಿಸಿದ ಎರಡನೆಯ ಅಧ್ಯಯನದಲ್ಲಿ ಮೈಕೆಲ್ ಮಾರ್ಮೊಟ್ ತಂಡಕ್ಕೆ ಕಂಡ ಒಂದು ಮುಖ್ಯ ಕಾರಣ, ತಮ್ಮ ಕೆಲಸದ ಮೇಲೆ ತಮಗೇ ಹಿಡಿತವಿಲ್ಲದಿರುವುದು. ಯಾವ ಕೆಲಸ ಮೊದಲು, ಯಾವಾಗ ವಿರಾಮ ಎಂದು ತಾನೇ ತೀರ್ಮಾನಿಸಬಲ್ಲವನಿಗೆ ಅದೇ ಭಾರ ಹಗುರ. ಇಂಥ ತೀರ್ಮಾನದ ಅವಕಾಶವಿಲ್ಲದ ನೌಕರನಿಗೆ 'ಸಕಾರಾತ್ಮಕವಾಗಿ ಯೋಚಿಸು' ಎಂದು ತರಬೇತಿ ಶಿಬಿರ ನಡೆಸುವುದು ಗಾಯಕ್ಕೆ ಬಣ್ಣ ಬಳಿದಂತೆ.

ಒತ್ತಡದ ಮೂಲಕ್ಕೇ ಕೈಹಾಕಿದ ಉದಾಹರಣೆಗಳೂ ಇಲ್ಲದಿಲ್ಲ. ನಗರದ ಬಸ್ ಚಾಲಕರ ಕೆಲಸ ಎಲ್ಲ ದೇಶಗಳಲ್ಲೂ ಕಷ್ಟದ್ದೆಂದು ಹೆಸರಾದದ್ದು. ವೇಳಾಪಟ್ಟಿ ಒಂದು ಕಡೆ ಎಳೆದರೆ ಟ್ರಾಫಿಕ್ ಇನ್ನೊಂದು ಕಡೆ, ಬೈಗುಳ ಮಾತ್ರ ಚಾಲಕನಿಗೆ. ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದಲ್ಲಿ ಒಂದು ಬಸ್ ಮಾರ್ಗವನ್ನು ಸುಧಾರಿಸಿ, ಬಸ್ಸುಗಳಿಗೆ ಪ್ರತ್ಯೇಕ ಪಥ ಬಿಟ್ಟು, ಪ್ರಯಾಣಿಕರು ಪದೇ ಪದೇ ಚಾಲಕನನ್ನೇ ಕೇಳಬೇಕಾಗದಂತೆ ಮಾಹಿತಿ ಒದಗಿಸಲಾಯಿತು. ಇದರ ಪರಿಣಾಮವನ್ನು ಅಳೆದ ಸಂಶೋಧಕರ ವರದಿ 1999ರಲ್ಲಿ ಪ್ರಕಟವಾಯಿತು. ಆ ಮಾರ್ಗದ ಚಾಲಕರಲ್ಲಿ ಕೆಲಸದ ವೇಳೆಯ ರಕ್ತದೊತ್ತಡ, ನಾಡಿಬಡಿತ ಎರಡೂ ಇಳಿದಿದ್ದವು. ದಿನದ ಕಿರಿಕಿರಿಗಳೂ ಕಡಿಮೆಯಾಗಿದ್ದವು.