ರಾತ್ರಿ ಬೀಗದ ಕೀ ಯಾರ ಹತ್ತಿರ ಇರಬೇಕು?

ಹೋಟೆಲ್ ಬಂಧುಗಳೇ, 2022ರ ಸೆಪ್ಟೆಂಬರ್ 12ರ ರಾತ್ರಿ ಸಿಕಂದರಾಬಾದಿನ ರೂಬಿ ಹೋಟೆಲಿನಲ್ಲಿ 8 ಜನ ತೀರಿಕೊಂಡದ್ದು ನಿಮಗೆ ನೆನಪಿರಬಹುದು. ಬೆಂಕಿ ಹತ್ತಿದ್ದು ರೂಮುಗಳಲ್ಲಿ ಅಲ್ಲ, ಕೆಳಗಿದ್ದ ಎಲೆಕ್ಟ್ರಿಕ್ ಸ್ಕೂಟರ್ ಷೋರೂಮಿನಲ್ಲಿ. ಹೊಗೆ ಮೆಟ್ಟಿಲ ದಾರಿ ಹಿಡಿದು ಮೇಲಕ್ಕೆ ಹೋಯಿತು. ಮೇಲಿದ್ದವರು ಇಳಿಯಬೇಕಾದದ್ದೂ ಅದೇ ದಾರಿಯಲ್ಲಿ. 2025ರ ಮೇ 18ರ ಬೆಳಿಗ್ಗೆ ಚಾರ್‌ಮಿನಾರ್ ಹತ್ತಿರದ ಗುಲ್ಜಾರ್ ಹೌಸ್‌ನಲ್ಲಿಯೂ ಹಾಗೆಯೇ. ಕೆಳಗೆ ಅಂಗಡಿ, ಮೇಲೆ ಮನೆ, ಇಕ್ಕಟ್ಟಾದ ಒಂದೇ ದಾರಿ. 17 ಜನ ಹೋದರು, ಅವರಲ್ಲಿ 8 ಮಕ್ಕಳು. ಎರಡೂ ಕಡೆ ಹೆಚ್ಚಿನವರ ಜೀವ ತೆಗೆದದ್ದು ಹೊಗೆ.

ಸಿಕಂದರಾಬಾದಿನ ಸುದ್ದಿ ಬಂದಾಗ ನಾವು ಪೇಪರ್ ಓದಿ, ಪಾಪ ಎಂದು ಮಡಿಸಿಟ್ಟೆವು. ನಮ್ಮಲ್ಲಿ ಕ್ಲೀನರ್ ಆಗಿದ್ದ ರಾಯಚೂರು ಕಡೆಯ ಹುಡುಗ ಸುಮ್ಮನಿರಲಿಲ್ಲ. "ಸಾವ್ಕಾರ್ರೀ, ಇಲ್ಲಿ ಹಂಗಾದ್ರ ನಾವು ಯಾಕಡೆ ಓಡಬೇಕ್ರೀ?" ಎಂದು ಕೇಳಿದ.

ನಮಗೆ ಉತ್ತರ ಹೊಳೆಯಲಿಲ್ಲ. ಯಾಕೆಂದರೆ 11 ಹುಡುಗರು ಹೋಟೆಲಿನ ಅಟ್ಟದ ಮೇಲೆ ಮಲಗುತ್ತಿದ್ದರು, ನಾವು ಹೊರಗಿನಿಂದ ಷಟರ್‌ಗೆ ಬೀಗ ಹಾಕಿ ಕೀ ಮನೆಗೆ ಒಯ್ಯುತ್ತಿದ್ದೆವು. ಹಿಂದೊಮ್ಮೆ ಒಬ್ಬ ಗಲ್ಲಾ ಹಣ ಎತ್ತಿಕೊಂಡು ಓಡಿದ್ದ, ಅಂದಿನಿಂದ ಈ ಪದ್ಧತಿ. ಆ ರಾತ್ರಿ ಮೆಟ್ಟಿಲು ನೋಡಿದರೆ ಎಣ್ಣೆ ಡಬ್ಬ, ಈರುಳ್ಳಿ ಮೂಟೆ, ಮುರಿದ ಕುರ್ಚಿ. ಹಿಂಬಾಗಿಲಿಗೆ ಅಡ್ಡವಾಗಿ ಕೆಟ್ಟುಹೋದ ಗ್ರೈಂಡರ್. ಅದನ್ನು ನಾಲ್ಕು ವರ್ಷದಿಂದ ರಿಪೇರಿ ಮಾಡಿಸುತ್ತೇವೆ ಎನ್ನುತ್ತಲೇ ಇದ್ದೆವು!

ಗ್ರೈಂಡರ್ ಗುಜರಿಗೆ ಹೋಯಿತು. ಹಿಂಬಾಗಿಲಿಗೆ ಈಗ ಒಳಗಿನ ಚಿಲಕ ಮಾತ್ರ, ಬೀಗವಿಲ್ಲ. ಗಲ್ಲಾ ಹಣ ರಾತ್ರಿಯೇ ಮನೆಗೆ ಬರುತ್ತದೆ. ಒಂದು ರಾತ್ರಿ ದೀಪ ಆರಿಸಿ ಹುಡುಗರನ್ನು ಹೊರಗೆ ಬರಲು ಹೇಳಿದೆವು. ಮೊದಲ ಸಲ ಒಬ್ಬರ ಮೇಲೊಬ್ಬರು ಬಿದ್ದರು, ನಗು ಬೇರೆ. ಮೂರನೇ ಸಲಕ್ಕೆ ಸರಿಯಾಗಿ ಬಂದರು. ಹೊಗೆಯಿದ್ದರೆ ನಿಂತು ಓಡಬಾರದು, ನೆಲಕ್ಕೆ ಬಗ್ಗಿ ಬರಬೇಕು ಎಂಬುದನ್ನೂ ಆಗಲೇ ಹೇಳಿಕೊಟ್ಟೆವು. ಕಳ್ಳತನದ ಮಾತು ಕೇಳುವವರಿಗೆ ಹೇಳುವುದಾದರೆ, ಇಲ್ಲಿಯವರೆಗೆ ಕಳೆದದ್ದು ಗೋಡಂಬಿಯ ಒಂದು ಡಬ್ಬ.

ಗ್ಯಾಸಿನ ವಿಷಯವೂ ರಾತ್ರಿಯದ್ದೇ. ಒಲೆಯ ತಿರುಪು ಆರಿಸಿದರೆ ಸಾಲದು, ಸಿಲಿಂಡರಿನ ವಾಲ್ವ್ ಮುಚ್ಚಬೇಕು. ಈ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ನಿಲ್ಲುತ್ತದೆ. ಬೆಳಗಿನ ಜಾವ ಇಡ್ಲಿ ಇಡಲು ಬರುವ ಭಟ್ಟರು ಮೊದಲು ಮಾಡುವ ಕೆಲಸ ಲೈಟ್ ಹಾಕುವುದು. ಒಂದು ಕಿಡಿ ಸಾಕು. ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ. ಎಗ್ಸಾಸ್ಟ್ ಫ್ಯಾನ್ ಕೂಡ ಹಾಕಬಾರದು, ಹಲವರು ತಪ್ಪುವುದು ಇಲ್ಲಿಯೇ. ಬಾಗಿಲು ತೆರೆದು, ವಾಲ್ವ್ ಮುಚ್ಚಿ, ಎಲ್ಲರೂ ಹೊರಗೆ ಬಂದ ಮೇಲೆ 1906ಕ್ಕೆ ಫೋನ್ ಮಾಡಿ. ಬಾಣಲೆಯ ಎಣ್ಣೆಗೆ ಬೆಂಕಿ ಹಿಡಿದರೆ ನೀರು ಬೇಡವೇ ಬೇಡ. ಗ್ಯಾಸ್ ಆರಿಸಿ, ದೊಡ್ಡ ತಟ್ಟೆ ಮುಚ್ಚಿ. ಆ ತಟ್ಟೆ ಬಾಣಲೆಯ ಪಕ್ಕದಲ್ಲೇ ಇರಲಿ, ಹುಡುಕುತ್ತಾ ಹೋಗುವಂತಾಗಬಾರದು.

ಹೋಟೆಲಿನ ಕೆಲಸ ಮುಗಿಸಿ ಮನೆಯಲ್ಲಿ ಈ ಪುರಾಣ ಹೇಳುತ್ತಿದ್ದಾಗ ನಮ್ಮ ಮನೆಯವರು, "ನಮ್ಮ ಬಾಲ್ಕನಿ ಗ್ರಿಲ್ ಕೀ ಎಲ್ಲಿದೆ ಹೇಳಿ ನೋಡುವ" ಎಂದರು. ಇಡೀ ಮನೆ ಹುಡುಕಿದೆವು. ಮರುದಿನ ದೇವರ ಕೋಣೆಯ ಡ್ರಾಯರಿನಲ್ಲಿ ಸಿಕ್ಕಿತು. ಬೀಗ ತುಕ್ಕು ಹಿಡಿದು ತಿರುಗಲೇ ಇಲ್ಲ. ಒಡೆಸಿ ಹೊಸದು ಹಾಕಿಸಿ, ಕೀಯನ್ನು ಗ್ರಿಲ್ ಪಕ್ಕದ ಮೊಳೆಗೆ ತೂಗುಹಾಕಿದ್ದೇವೆ.