ಹಾಲು ಆಗದ ಮಗುವಿಗೆ ಎಂತ ಕೊಡುವುದು?



ಹಟ್ಟಿಯಲ್ಲಿ ಎರಡು ಕರೆಯುವ ದನಗಳಿವೆ. ಬೆಳಿಗ್ಗೆ, ಸಂಜೆ ಕ್ಯಾನು ಹಿಡಿದು ಡೇರಿಗೆ ಹಾಲು ಹಾಕುವ ಮನೆ. ಆದರೆ ಆ ಮನೆಯ ಒಂದೂವರೆ ವರ್ಷದ ಮಗುವಿಗೇ ಹಾಲು ಆಗುವುದಿಲ್ಲ. ಕುಡಿದರೆ ಮೈಮೇಲೆ ಗಂಧೆ ಏಳುತ್ತದೆ, ಇಲ್ಲವೆ ಹೊಟ್ಟೆ ಉಬ್ಬರಿಸಿ ಭೇದಿಯಾಗುತ್ತದೆ. ಅಜ್ಜಿಗೆ ಇದನ್ನು ನಂಬುವುದೇ ಕಷ್ಟ. "ನಾಲ್ಕ್ ಮಕ್ಕಳನ್ನ ಇದೇ ಹಾಲ್ ಕೊಟ್ ಸಾಕಿದೆ. ಈ ಮಗುಗ್ ಎಂತಾಯ್ತ್?" ಎಂದು ಕೇಳುತ್ತಾರೆ. ಸೊಸೆಯ ಬಳಿ ಉತ್ತರವಿಲ್ಲ. ನೆರೆಮನೆಯವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಆಡಿನ ಹಾಲು ಕೊಡಿ ಎಂದು ಒಬ್ಬರು, ಊರ ದನದ ಹಾಲಾದರೆ ಏನೂ ಆಗುವುದಿಲ್ಲ ಎಂದು ಇನ್ನೊಬ್ಬರು, ಗಂಜಿ ತಿಳಿಯೇ ಸಾಕು ಎಂದು ಮತ್ತೊಬ್ಬರು, ಪೇಟೆಯಿಂದ ಬಾದಾಮಿ ಹಾಲು ತನ್ನಿ ಎಂದು ಮಗದೊಬ್ಬರು.

ಇದರಲ್ಲಿ ಯಾರ ಮಾತು ಕೇಳೋಣ? ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯ ನಮ್ಮ ಮನೆಗಳಲ್ಲಿ ಇಂಥ ಮಗುವಿಗೆ ಏನು ಕೊಟ್ಟು ಬೆಳೆಸಬಹುದು? ಈ ವಿಚಾರವನ್ನೇ ಇವತ್ತು ಸ್ವಲ್ಪ ನಿಧಾನವಾಗಿ ನೋಡೋಣ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಹಾಲಿಗೆ ಬದಲಿ ಎಂದರೆ ಹಾಲಿನಂತೆ ಬೆಳ್ಳಗೆ ಕಾಣುವ ಇನ್ನೊಂದು ನೀರಲ್ಲ. ಹಾಲಿನಿಂದ ಮಗುವಿಗೆ ಏನು ಸಿಗುತ್ತಿತ್ತೋ ಅದನ್ನು ಕೊಡುವ ಊಟವೇ ನಿಜವಾದ ಬದಲಿ.

ತೊಂದರೆ ಎರಡು ಬಗೆ

"ಹಾಲು ಆಗುವುದಿಲ್ಲ" ಎಂಬ ಒಂದೇ ಮಾತಿನಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಸೇರಿಕೊಂಡಿರುತ್ತವೆ. ಇವುಗಳನ್ನು ಬೇರ್ಪಡಿಸದೆ ಬದಲಿ ಹುಡುಕಲು ಹೊರಟರೆ ದಾರಿ ತಪ್ಪುತ್ತದೆ.

ಮೊದಲನೆಯದು ಹಾಲಿನ ಸಕ್ಕರೆ ಜೀರ್ಣವಾಗದಿರುವುದು. ಹಾಲಿನಲ್ಲಿ ಸಹಜವಾಗಿಯೇ ಒಂದು ಬಗೆಯ ಸಕ್ಕರೆ ಇದೆ. ಅದಕ್ಕೆ ಲ್ಯಾಕ್ಟೋಸ್ ಎಂದು ಹೆಸರು. ಅದನ್ನು ಅರಗಿಸುವ ರಸ ಸಣ್ಣ ಕರುಳಿನ ಒಳಪದರದಲ್ಲಿ ಇರುತ್ತದೆ. ಮಗುವಿಗೆ ಜೋರಾಗಿ ಭೇದಿಯಾದಾಗ ಆ ಪದರ ಕೆಡುತ್ತದೆ, ರಸವೂ ಕಡಿಮೆಯಾಗುತ್ತದೆ. ಆಮೇಲೆ ಹಾಲು ಕುಡಿದರೆ ಹೊಟ್ಟೆ ಗುಡುಗುಟ್ಟುವುದು, ವಾಯು ಹೋಗುವುದು, ಹುಳಿ ವಾಸನೆಯ ನೀರು ಭೇದಿ, ಅಂಡು ಕೆಂಪಾಗುವುದು, ಇವೆಲ್ಲ ಕಾಣಿಸುತ್ತವೆ. ಮೈಮೇಲೆ ಗಂಧೆ ಏಳುವುದಿಲ್ಲ. ಎಳೆಯ ಮಕ್ಕಳಲ್ಲಿ ಈ ತೊಂದರೆ ಸಾಮಾನ್ಯವಾಗಿ ತಾತ್ಕಾಲಿಕ. ಕರುಳು ಸುಧಾರಿಸಿದ ಹಾಗೆ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಹೆಪ್ಪು ಹಾಕಿದಾಗ ಆ ಸಕ್ಕರೆಯ ಒಂದು ಪಾಲು ಹುಳಿಯಾಗಿ ಮಾರ್ಪಡುವುದರಿಂದ, ಇಂಥ ಮಗುವಿಗೆ ಮೊಸರು, ಮಜ್ಜಿಗೆ ಅನೇಕ ವೇಳೆ ಒಗ್ಗುತ್ತವೆ.

ಎರಡನೆಯದು ಅಲರ್ಜಿ. ಇಲ್ಲಿ ತಪ್ಪು ಸಕ್ಕರೆಯದಲ್ಲ. ಹಾಲಿನ ಸಸಾರಜನಕವನ್ನು, ಅಂದರೆ ಪ್ರೋಟೀನನ್ನು, ಮಗುವಿನ ಮೈ ಶತ್ರುವೆಂದು ತಿಳಿದು ಅದರ ಮೇಲೆ ಯುದ್ಧಕ್ಕೆ ನಿಲ್ಲುತ್ತದೆ. ಕುಡಿದ ಕೆಲವೇ ನಿಮಿಷಗಳಿಂದ ಎರಡು ಗಂಟೆಯೊಳಗೆ ಗಂಧೆ, ತುಟಿ ಕಣ್ಣು ಊದುವುದು, ವಾಂತಿ, ಉಬ್ಬಸ ಬರಬಹುದು. ಕೆಲವು ಮಕ್ಕಳಲ್ಲಿ ನಿಧಾನವಾಗಿ, ದಿನ ಕಳೆದ ಮೇಲೆ, ಮಲದಲ್ಲಿ ರಕ್ತ, ಬಿಡದ ಭೇದಿ, ವಾಸಿಯಾಗದ ಇಸುಬಿನ ರೂಪದಲ್ಲಿ ಕಾಣಿಸುತ್ತದೆ. ಅಲರ್ಜಿಯ ಮಗುವಿಗೆ ಮೊಸರೂ ಬೇಡ, ಮಜ್ಜಿಗೆಯೂ ಬೇಡ, ಪನ್ನೀರೂ ಬೇಡ. ತುಪ್ಪದಲ್ಲಿಯೂ ಪ್ರೋಟೀನಿನ ಅಲ್ಪ ಅಂಶ ಉಳಿದಿರಬಹುದಾದ್ದರಿಂದ ಅದಕ್ಕೂ ವೈದ್ಯರನ್ನು ಕೇಳಬೇಕು. ಹಾಲನ್ನು ಚೆನ್ನಾಗಿ ಕಾಯಿಸಿದರೂ ಈ ತೊಂದರೆ ಹೋಗುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಹಾಲು ಕುಡಿದ ಕೂಡಲೇ ಉಸಿರಾಟಕ್ಕೆ ಕಷ್ಟವಾದರೆ, ಮಗು ಬಿಳಿಚಿಕೊಂಡು ಸೋತು ಮಲಗಿದರೆ, ಮನೆಮದ್ದು ಮಾಡುತ್ತ ಕೂರಬೇಡಿ. 108ಕ್ಕೆ ಫೋನು ಮಾಡಿ, ಅಥವಾ ಸಿಕ್ಕಿದ ವಾಹನದಲ್ಲಿ ಹತ್ತಿರದ ಆಸ್ಪತ್ರೆಗೆ ಓಡಿ. ಒಮ್ಮೆ ಹೀಗಾದ ಮಗುವಿಗೆ "ಇನ್ನೊಮ್ಮೆ ಕೊಟ್ಟು ನೋಡೋಣ" ಎಂದು ಮನೆಯಲ್ಲಿ ಪರೀಕ್ಷೆ ಮಾಡಲೇಬಾರದು.

ಹಾಗೆಯೇ, ಒಂದು ದಿನ ಹೊಟ್ಟೆ ಕೆಟ್ಟಿತೆಂದು ನಾವೇ ತೀರ್ಮಾನಿಸಿ ಹಾಲನ್ನು ಪೂರ್ತಿ ನಿಲ್ಲಿಸುವುದೂ ತಪ್ಪು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಮಕ್ಕಳ ವೈದ್ಯರ ಬಳಿಗೋ ಹೋಗಿ. ಏನು ಕುಡಿದಾಗ, ಎಷ್ಟು ಹೊತ್ತಿಗೆ, ಏನಾಯಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಅವರಿಗೆ ಅರ್ಧ ಕೆಲಸ ಹಗುರವಾಗುತ್ತದೆ.

ನೆರೆಮನೆಯ ಸಲಹೆಗಳು

ಈಗ ಆ ಸಲಹೆಗಳನ್ನು ಒಂದೊಂದಾಗಿ ನೋಡೋಣ.

ಆಡಿನ ಹಾಲು: ಅಲರ್ಜಿ ಇದ್ದರೆ ಇದು ಬದಲಿಯೇ ಅಲ್ಲ. ದನ, ಎಮ್ಮೆ, ಆಡು ಇವುಗಳ ಹಾಲಿನ ಪ್ರೋಟೀನುಗಳು ಒಡಹುಟ್ಟಿದವರಂತೆ ಹೋಲುತ್ತವೆ. ದನದ ಹಾಲು ಆಗದ ಹತ್ತು ಮಕ್ಕಳಲ್ಲಿ ಒಂಬತ್ತಕ್ಕೂ ಹೆಚ್ಚು ಮಕ್ಕಳಿಗೆ ಆಡಿನ ಹಾಲೂ ಆಗುವುದಿಲ್ಲ. ಹಾಲಿನ ಸಕ್ಕರೆಯೂ ಅದರಲ್ಲಿ ಇದ್ದೇ ಇದೆ.

ಊರ ದನದ ಹಾಲು: ನಮ್ಮ ಮಲೆನಾಡು ಗಿಡ್ಡ ಒಳ್ಳೆಯ ದನ, ಅದರಲ್ಲಿ ಎರಡು ಮಾತಿಲ್ಲ. ಈಗ ಎ-2 ಹಾಲು ಎಂಬ ಹೆಸರಿನಲ್ಲಿ ಊರ ದನದ ಹಾಲಿಗೆ ಬೆಲೆಯೂ ಹೆಚ್ಚಾಗಿದೆ. ಆದರೆ ಎ-1, ಎ-2 ಎಂಬ ವ್ಯತ್ಯಾಸ ಒಂದು ಪ್ರೋಟೀನಿನ ಸರಪಳಿಯ ಒಂದೇ ಒಂದು ಕೊಂಡಿಯಲ್ಲಿದೆ. ಉಳಿದ ಸರಪಳಿ ಹಾಗೆಯೇ ಇದೆ, ಉಳಿದ ಪ್ರೋಟೀನುಗಳೂ ಹಾಗೆಯೇ ಇವೆ. ಆದ್ದರಿಂದ ಅಲರ್ಜಿಯ ಮಗುವಿಗೆ ಗಿಡ್ಡದ ಹಾಲೂ ಅಪಾಯವೇ.

ಗಂಜಿ ತಿಳಿ: ಭೇದಿಯಾದಾಗ ನೀರಿನ ಅಂಶ ಕೊಡಲು ಒಳ್ಳೆಯದು. ಹಾಲಿನ ಜಾಗಕ್ಕೆ ಅದನ್ನೇ ಇಟ್ಟರೆ ಮಗು ಸೊರಗುತ್ತದೆ. ಅದರಲ್ಲಿ ಪ್ರೋಟೀನೂ ಕಡಿಮೆ, ಸುಣ್ಣದ ಅಂಶವೂ ಕಡಿಮೆ.

ತೆಂಗಿನ ಹಾಲು: ಜಿಡ್ಡು ಚೆನ್ನಾಗಿದೆ, ಅದರಿಂದ ಶಕ್ತಿ ಬರುತ್ತದೆ. ಆದರೆ ಸುಣ್ಣ, ಪ್ರೋಟೀನು ಎರಡೂ ಕಡಿಮೆ. ಬೇರೆ ಆಹಾರದ ಜತೆಗೆ ಸೇರಿಸಲು ಬಹಳ ಒಳ್ಳೆಯದು, ಅದೊಂದೇ ಸಾಲದು.

ಬಾದಾಮಿ ಹಾಲು: ಪೊಟ್ಟಣದಲ್ಲಿ ಬರುವುದರಲ್ಲಿ ನೀರೇ ಹೆಚ್ಚು, ಬಾದಾಮಿ ಸ್ವಲ್ಪ. ದುಡ್ಡಂತೂ ಜೋರು. ಬಾಟಲಿಯಲ್ಲಿ ಸಿಹಿಯಾಗಿ ಸಿಗುವ "ಬಾದಾಮಿ ಹಾಲು" ದನದ ಹಾಲಿನಿಂದಲೇ ಮಾಡಿದ್ದು, ಮರೆಯಬೇಡಿ.

ಸೋಯಾ ಹಾಲು: ಪ್ರೋಟೀನಿನಲ್ಲಿ ದನದ ಹಾಲಿಗೆ ಹತ್ತಿರ ಬರುವುದು ಇದೊಂದೇ. ಒಂದು ವರ್ಷ ದಾಟಿದ ಮಗುವಿಗೆ, ಸಕ್ಕರೆ ಹಾಕದ, ಕ್ಯಾಲ್ಸಿಯಂ ಸೇರಿಸಿದ ಸೋಯಾ ಹಾಲನ್ನು ವೈದ್ಯರನ್ನು ಕೇಳಿ ಕೊಡಬಹುದು. ಹಾಲು ಆಗದ ಮಕ್ಕಳಲ್ಲಿ ಕೆಲವರಿಗೆ ಸೋಯಾ ಕೂಡ ಆಗುವುದಿಲ್ಲ. ಅದಕ್ಕೇ ಮೊದಲು ಕೇಳಬೇಕು ಎಂದದ್ದು.

ಮಗುವಿಗೆ ಇನ್ನೂ ಒಂದು ವರ್ಷ ತುಂಬಿಲ್ಲವಾದರೆ ಮೇಲೆ ಹೇಳಿದ ಯಾವುದನ್ನೂ ತಾಯಿಹಾಲಿನ ಬದಲಿಗೆ ಕೊಡಬಾರದು. ತಾಯಿಹಾಲೇ ಮುಖ್ಯ. ಅದು ಸಾಲದಿದ್ದರೆ ಅಲರ್ಜಿಯ ಮಕ್ಕಳಿಗೆಂದೇ ತಯಾರಿಸಿದ ಪುಡಿಗಳಿವೆ. ಅವನ್ನು ವೈದ್ಯರು ಬರೆದುಕೊಟ್ಟರೆ ಮಾತ್ರ ತರಬೇಕು. ದೊಡ್ಡ ಮಗುವಿಗೂ ಎರಡು ವರ್ಷದವರೆಗೆ, ಅದರ ಮೇಲೂ, ಮೊಲೆಹಾಲು ಕೊಡುವುದು ಒಳ್ಳೆಯದು. ದನದ ಹಾಲು ಆಗಲಿಲ್ಲವೆಂದು ಮೊಲೆ ಬಿಡಿಸಬೇಡಿ.

ಬದಲಿ ಇರುವುದು ಅಡಿಗೆಮನೆಯಲ್ಲಿ

ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ ಸುಮಾರು 500 ಮಿಲಿಗ್ರಾಂ ಸುಣ್ಣದ ಅಂಶ, ಸುಮಾರು 12 ಗ್ರಾಂ ಪ್ರೋಟೀನು ಬೇಕು. ಒಂದು ಲೋಟ, ಅಂದರೆ 200 ಮಿ.ಲೀ. ದನದ ಹಾಲಿನಲ್ಲಿ ಸುಮಾರು 240 ಮಿ.ಗ್ರಾಂ ಸುಣ್ಣ, 6 ಗ್ರಾಂ ಪ್ರೋಟೀನು ಇದೆ. ಇದನ್ನು ಬೇರೆ ಕಡೆಯಿಂದ ತರಬೇಕು, ಅಷ್ಟೇ ಲೆಕ್ಕ.

ಸುಣ್ಣಕ್ಕೆ ನಮ್ಮಲ್ಲಿ ರಾಗಿಯಂಥ ಧಾನ್ಯವಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಇದೆ. ನಮ್ಮ ಕಡೆಗೆ ರಾಗಿ ಹೆಚ್ಚಾಗಿ ಘಟ್ಟದ ಮೇಲಿಂದ ಬರುವುದಾದರೂ, ಮಕ್ಕಳಿಗೆ ರಾಗಿ ಮಣ್ಣಿ ಮಾಡದ ಮನೆ ಯಾವುದಿದೆ? ಹಿರಿಯರು ಹಾಕಿಕೊಟ್ಟ ದಾರಿ ಅದು. ಆದರೆ ಒಂದು ಸಣ್ಣ ತಿದ್ದುಪಡಿ ಬೇಕು. ನಾವು ರಾಗಿಯನ್ನು ಕಡೆದು, ಬಟ್ಟೆಯಲ್ಲಿ ಸೋಸಿ, ಗಸಿ ಎಸೆಯುತ್ತೇವೆ. ರಾಗಿಯ ಸುಣ್ಣದ ದೊಡ್ಡ ಪಾಲು ಇರುವುದು ಆ ಸಿಪ್ಪೆಯಲ್ಲೇ. ಏಳೆಂಟು ತಿಂಗಳ ಕೂಸಿಗೆ ಸೋಸುವುದು ಸರಿ. ವರ್ಷ ದಾಟಿದ ಮಗುವಿಗೆ ಸೋಸದೆ ಕೊಡಿ.

ಮಾಡುವ ಕ್ರಮ ಹೀಗೆ. ರಾಗಿಯನ್ನು ತೊಳೆದು ಒಂದು ರಾತ್ರಿ ನೆನೆಸಿ. ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಒಂದೆರಡು ದಿನಕ್ಕೆ ಮೊಳಕೆ ಬರುತ್ತದೆ. ಮೊಳಕೆ ಬಂದ ರಾಗಿಯ ಸುಣ್ಣ, ಕಬ್ಬಿಣಗಳು ಮೈಗೆ ಹೆಚ್ಚು ಹತ್ತುತ್ತವೆ. ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ, ಹದವಾಗಿ ಹುರಿದು, ಪುಡಿ ಮಾಡಿಸಿ. ನಮ್ಮ ಮಳೆಗಾಲದಲ್ಲಿ ಒಣಗಿಸುವುದು ಕಷ್ಟ, ಬೂಸಲು ಹಿಡಿಯುತ್ತದೆ. ಅದಕ್ಕಾಗಿ ಮೇ ತಿಂಗಳೊಳಗೆ ಮಾಡಿ, ಗಾಳಿಯಾಡದ ಡಬ್ಬಿಯಲ್ಲಿ ತುಂಬಿಡಿ. ಬೂಸಲು ವಾಸನೆ ಬಂದ ಪುಡಿಯನ್ನು ಮಗುವಿಗೆ ಕೊಡಬೇಡಿ.

ಮೂರು ದೊಡ್ಡ ಚಮಚ ಪುಡಿಯನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಹಸಿ ವಾಸನೆ ಹೋಗುವವರೆಗೆ ಮಗುಚುತ್ತ ಬೇಯಿಸಿ. ಇಳಿಸುವಾಗ ಎರಡು ಮೂರು ಚಮಚ ದಪ್ಪ ತೆಂಗಿನ ಹಾಲು, ಚೂರು ಬೆಲ್ಲ ಹಾಕಿ. ಹಾಲಿನ ಜಿಡ್ಡಿನ ಜಾಗವನ್ನು ತೆಂಗು ತುಂಬುತ್ತದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕೊಟ್ಟರೆ ಸುಮಾರು 50 ಗ್ರಾಂ ರಾಗಿ ಹೊಟ್ಟೆಗೆ ಸೇರುತ್ತದೆ.

ಪ್ರೋಟೀನಿಗೆ ಧಾನ್ಯ ಮಾತ್ರ ಸಾಲದು, ಬೇಳೆಕಾಳು ಸೇರಬೇಕು. ಭತ್ತ ಕೊಯ್ದ ಗದ್ದೆಯಲ್ಲಿ ನಾವು ಉದ್ದು, ಹುರುಳಿ ಬೆಳೆಯುತ್ತೇವಲ್ಲ, ಅದರ ಒಂದು ಪಾಲನ್ನು ಮಗುವಿನ ಪಾಲೆಂದು ತೆಗೆದಿಡಿ. ಹುರುಳಿಯಲ್ಲಿ ಪ್ರೋಟೀನಿನ ಜತೆಗೆ ಸುಣ್ಣವೂ ಚೆನ್ನಾಗಿದೆ. ಬೇಯಿಸಿದ ನೀರಿನ ಸಾರನ್ನು ಮಾತ್ರ ಮಗುವಿಗೆ ಎರೆದು ಕಾಳನ್ನು ದನಕ್ಕೆ ಹಾಕುವುದು ಕೆಲವರ ರೂಢಿ. ಹಾಗೆ ಮಾಡಬೇಡಿ. ಕಾಳನ್ನೇ ನುಣ್ಣಗೆ ಕಡೆದು ಅನ್ನದಲ್ಲಿ ಕಲಸಿ ಕೊಡಿ. ಹೆಸರುಬೇಳೆ ತೊವ್ವೆ, ಉದ್ದಿನ ಇಡ್ಲಿ ಎರಡೂ ಒಳ್ಳೆಯದು.

ಅಂಗಳದ ನುಗ್ಗೆ ಸೊಪ್ಪು, ತೋಟದ ಹರಿವೆ, ಇವುಗಳನ್ನು ಬೇಯಿಸಿ ಅರೆದು ಬೇಳೆಯಲ್ಲಿ ಬೆರೆಸಿ. ತಿನ್ನುವ ಮನೆಯಾದರೆ ದಿನಕ್ಕೊಂದು ಮೊಟ್ಟೆ ಕೊಡಬಹುದು, ಅದರಲ್ಲಿ 6 ಗ್ರಾಂ ಪ್ರೋಟೀನಿದೆ. ಬೈಗೆ ಮೀನನ್ನು ಬೇಯಿಸಿ, ಮುಳ್ಳು ಒಂದೂ ಉಳಿಯದಂತೆ ಬಿಡಿಸಿ ಕೊಡಬಹುದು. ಮೊಟ್ಟೆ, ಮೀನು, ನೆಲಗಡಲೆ, ಎಳ್ಳು ಇವು ಕೂಡ ಕೆಲವು ಮಕ್ಕಳಿಗೆ ಆಗುವುದಿಲ್ಲ. ಆದ್ದರಿಂದ ಹೊಸ ವಸ್ತುವನ್ನು ಒಂದು ಸಲಕ್ಕೆ ಒಂದೇ, ಸ್ವಲ್ಪವೇ, ಹಗಲು ಹೊತ್ತಿನಲ್ಲಿ ಕೊಟ್ಟು ಎರಡು ಮೂರು ದಿನ ನೋಡಿ. ನೆಲಗಡಲೆಯನ್ನು ಇಡಿಯಾಗಿ ಎಂದೂ ಕೊಡಬೇಡಿ, ಗಂಟಲಿಗೆ ಸಿಕ್ಕೀತು.

ಲೆಕ್ಕ ಹಾಕಿ ನೋಡಿ. 50 ಗ್ರಾಂ ರಾಗಿ, ಒಂದು ಹಿಡಿ ಹುರುಳಿ, ಒಂದು ಹಿಡಿ ನುಗ್ಗೆ ಸೊಪ್ಪು, ಇಷ್ಟರಿಂದಲೇ ಒಂದು ಲೋಟ ಹಾಲಿನಲ್ಲಿ ಇರುವುದಕ್ಕಿಂತ ಕಡಿಮೆಯಿಲ್ಲದ ಸುಣ್ಣ ಸಿಗುತ್ತದೆ. ಹಾಲಿನ ಸುಣ್ಣದಷ್ಟು ಸುಲಭವಾಗಿ ಇದು ಮೈಗೆ ಹತ್ತುವುದಿಲ್ಲ ನಿಜ. ಅದಕ್ಕೇ ಒಂದು ದಿನ ಕೊಟ್ಟು ಎರಡು ದಿನ ಬಿಡುವಂತಿಲ್ಲ, ದಿನವೂ ಕೊಡಬೇಕು. ಬೆಳಗಿನ ಬಿಸಿಲಿನಲ್ಲಿ ಮಗುವನ್ನು ಆಡಲು ಬಿಡುವುದೂ ಮೂಳೆಗೆ ಒಳ್ಳೆಯದು.

ಸಸ್ಯಾಹಾರಿ ಮನೆಯವರಿಗೆ ಒಂದು ವಿಶೇಷ ಮಾತು. ಬಿ-12 ಎಂಬ ಜೀವಸತ್ವ ಹಾಲು, ಮೊಟ್ಟೆ, ಮೀನು, ಮಾಂಸಗಳಲ್ಲಿದೆ. ಸೊಪ್ಪು, ಕಾಳುಗಳಲ್ಲಿ ಇಲ್ಲ. ಮೀನು, ಮೊಟ್ಟೆ ತಿನ್ನದ ಮನೆಯ ಮಗು ಹಾಲನ್ನೂ ಬಿಟ್ಟರೆ ಅದು ಎಲ್ಲಿಂದಲೂ ಸಿಗುವುದಿಲ್ಲ. ವೈದ್ಯರಿಗೆ ಹೇಳಿ ಔಷಧದ ರೂಪದಲ್ಲಿ ಪಡೆಯಲೇಬೇಕು.

ಮನೆಯ ಹೊರಗೆ

ಹಾಲು ಲೋಟದಲ್ಲಿ ಮಾತ್ರ ಬರುವುದಿಲ್ಲ. ಬಿಸ್ಕತ್ತು, ಬನ್ನು, ಪೇಡೆ, ಚಾಕಲೇಟುಗಳಲ್ಲೂ ಇರುತ್ತದೆ. ಪೊಟ್ಟಣದ ಮೇಲೆ ಹಾಲಿನ ಪುಡಿ, ವೇ, ಕೇಸಿನ್ ಎಂದು ಬರೆದಿದ್ದರೆ ಅದು ಹಾಲೇ. ದೇವಸ್ಥಾನದ ಪಂಚಾಮೃತದಲ್ಲಿ ಹಾಲು, ಮೊಸರು, ತುಪ್ಪ ಮೂರೂ ಇವೆ. ಭಕ್ತಿಯಿಂದ ಒಂದು ಉದ್ಧರಣೆ ಬಾಯಿಗೆ ಹಾಕುವ ಮುಂಚೆ ಯೋಚಿಸಿ. ಅಲರ್ಜಿಯ ಮಗುವಿನ ತಲೆಗೆ ಪ್ರೋಕ್ಷಣೆ ಮಾಡಿದ ನೀರು ಸಾಕು.

2013ರ ಆಗಸ್ಟಿನಲ್ಲಿ ಆರಂಭವಾದ ಕ್ಷೀರ ಭಾಗ್ಯ ಯೋಜನೆಯಿಂದ ಅಂಗನವಾಡಿ, ಶಾಲೆಗಳಲ್ಲಿ ಮಕ್ಕಳಿಗೆ ಹಾಲು ಕೊಡುತ್ತಾರೆ. ಬಹಳ ಮಕ್ಕಳಿಗೆ ಅದರಿಂದ ಒಳ್ಳೆಯದಾಗಿದೆ. ನಿಮ್ಮ ಮಗುವಿಗೆ ಆಗುವುದಿಲ್ಲವಾದರೆ ಸೇರಿಸುವ ದಿನವೇ ಅಂಗನವಾಡಿ ಟೀಚರಿಗೆ ತಿಳಿಸಿ, ತಾಯಿ ಕಾರ್ಡಿನಲ್ಲಿ ಬರೆಸಿ. ನಾಚಿಕೆಪಡುವ ಸಂಗತಿ ಇದಲ್ಲ. ತಿಂಗಳು ತಿಂಗಳು ಅಲ್ಲಿಯೇ ತೂಕ ನೋಡಿಸಿ. ಹಾಲು ಬಿಟ್ಟ ಮಗುವಿನ ತೂಕ ಏರುತ್ತಿದ್ದರೆ ನಿಮ್ಮ ಊಟ ಸರಿಯಾಗಿದೆ ಎಂದರ್ಥ. ಎರಡು ತಿಂಗಳು ಏರದೆ ನಿಂತರೆ ತಡಮಾಡದೆ ವೈದ್ಯರಿಗೆ ತೋರಿಸಿ. ಹಿತ್ತಲಿನಲ್ಲಿ ಸೊಪ್ಪು ತರಕಾರಿ ಬೆಳೆಸುವ ವಿಚಾರಕ್ಕೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಬಹುದು.

ಕೊನೆಯದಾಗಿ ಅಜ್ಜಿಯಂದಿರಿಗೆ ಒಂದು ಮಾತು. ನಿಮ್ಮ ದನದ ಹಾಲಿನಲ್ಲಿ ದೋಷವಿಲ್ಲ, ನಿಮ್ಮ ಸೊಸೆಯಲ್ಲೂ ದೋಷವಿಲ್ಲ. ಹಾಲಿನ ಅಲರ್ಜಿ ಇರುವ ಹೆಚ್ಚಿನ ಮಕ್ಕಳು ಶಾಲೆಗೆ ಸೇರುವ ವಯಸ್ಸಿನ ಆಸುಪಾಸಿನಲ್ಲಿ ಅದನ್ನು ಮೀರಿ ಬೆಳೆಯುತ್ತಾರೆ. ವರ್ಷಕ್ಕೊಮ್ಮೆಯಾದರೂ ವೈದ್ಯರಿಗೆ ತೋರಿಸಿ, ಅವರು ಹೇಳಿದಾಗ, ಅವರು ಹೇಳಿದ ರೀತಿಯಲ್ಲಿ ಮತ್ತೆ ಹಾಲು ಕೊಟ್ಟು ನೋಡುವ ಕಾಲ ಬಂದೀತು. ಅಲ್ಲಿಯವರೆಗೆ ಮಗುವಿನ ಪಾಲಿನ ಆ ಒಂದು ಲೋಟವೂ ಡೇರಿಗೆ ಹೋಗಲಿ. ಅದರ ದುಡ್ಡು ಮಾತ್ರ ಬೇರೆ ಖರ್ಚಿಗೆ ಹೋಗದೆ, ರಾಗಿಯಾಗಿ, ಬೇಳೆಯಾಗಿ, ಮೊಟ್ಟೆಯಾಗಿ ಮಗುವಿನ ಬಟ್ಟಲಿಗೇ ತಿರುಗಿ ಬರಲಿ.